ಎರಡು ಟ್ಯಾಂಕುಗಳಿಗೆ ತಾವು ಹಾಕಿದ ಸೀಲು

ಮಾನ್ಯ ವಿದ್ಯುತ್ ಸುರಕ್ಷತಾ ಅಧಿಕಾರಿಗಳೇ,

ಬೈಪಾಸ್ ರಸ್ತೆಯ ಚಾರ್ಜಿಂಗ್ ಸ್ಟೇಷನ್ನಿನ ಹಿಂದೆ ಇರುವ ಎರಡು ಟ್ಯಾಂಕುಗಳಿಗೆ ತಾವು ಸೀಲು ಹಾಕಿ ಇಂದಿಗೆ ಏಳು ತಿಂಗಳು. ಅವು ಅಪಾಯಕಾರಿ ಎಂದು ತಾವು ಹೇಳಿಲ್ಲ. ಸುರಕ್ಷಿತ ಎಂದೂ ಹೇಳಿಲ್ಲ. ಏನೂ ಹೇಳದೆಯೇ ಏಳು ತಿಂಗಳು ದಾಟಿಸಿದ್ದೀರಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಸಿಟ್ಟು ಬರಲಿ ಎಂದು ಕಾದು ನೋಡಿದೆ, ಬರಲಿಲ್ಲ.

ನಾನು ಪಂಪ್ ಮೆಕ್ಯಾನಿಕ್. ನೀರು ಸರಬರಾಜಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು ಈ ಸ್ಟೇಷನ್ನಿಗೆ ಬಂದವನು. ನಮ್ಮ ಕಡೆಯ ಲೈನು ದುರ್ಬಲ. ಮಧ್ಯಾಹ್ನ ಚೆನ್ನಾಗಿಯೇ ಇರುತ್ತದೆ; ನಾಲ್ಕು ದಾಟಿ ಮನೆ, ಅಂಗಡಿಗಳೆಲ್ಲ ಸ್ವಿಚ್ಚು ಒತ್ತುವ ಹೊತ್ತಿಗೆ ಉಸಿರು ಕಟ್ಟುತ್ತದೆ. ಅದಕ್ಕೆಂದೇ ಮಾಲೀಕರು ದ್ರವದ ಬ್ಯಾಟರಿ ತರಿಸಿದರು. ಎರಡು ಟ್ಯಾಂಕು, ಅವುಗಳ ತುಂಬ ವೆನಾಡಿಯಂ ಎಂಬ ಲೋಹ ಕರಗಿದ ಆಮ್ಲದ ನೀರು, ನಡುವೆ ಕರೆಂಟು ಹುಟ್ಟುವ ಒಂದು ಪೆಟ್ಟಿಗೆ, ಅದರ ಮೂಲಕ ದ್ರವ ಹರಿಸಲು ಪಂಪುಗಳು. ಮಧ್ಯಾಹ್ನದ ಕರೆಂಟನ್ನು ಆ ದ್ರವ ಹಿಡಿದಿಟ್ಟುಕೊಳ್ಳುತ್ತದೆ, ಸಂಜೆ ವಾಪಸು ಕೊಡುತ್ತದೆ. ಅದು ಓಡುತ್ತಿದ್ದ ದಿನಗಳಲ್ಲಿ ಸಂಜೆ ಬಂದ ವ್ಯಾನು ಕೂಡ ಅರ್ಧ ಗಂಟೆಯಲ್ಲಿ ಚಾರ್ಜಾಗಿ ಹೊರಡುತ್ತಿತ್ತು.

ತಾವು ತಪಾಸಣೆಗೆ ಬಂದ ದಿನ ನೆನಪಿದೆಯೇ? "ಇದೇನಪ್ಪಾ, ಬ್ಯಾಟರಿಯೋ ಟ್ಯಾಂಕೋ?" ಎಂದು ಕೇಳಿದಿರಿ. "ಎರಡೂ ಸಾರ್" ಎಂದೆ. "ಎರಡೂ ಅಂತ ಬರೆಯೋಕೆ ಕಾಲಂ ಇಲ್ಲವಲ್ಲ" ಎಂದಿರಿ. ಕೊನೆಗೆ 'ಅನುಮತಿಯಿಲ್ಲದ ದ್ರವ ಇಂಧನ ದಾಸ್ತಾನು' ಎಂದು ಬರೆದು ಪಂಪಿನ ಸ್ವಿಚ್ಚಿಗೆ ತಂತಿ ಸುತ್ತಿ ಸೀಲು ಒತ್ತಿದಿರಿ. ಇಂಧನ ಎಂದರೆ ಉರಿಯಬೇಕಲ್ಲವೇ? ಇದು ಉರಿಯುವುದಿಲ್ಲ. ಮೈಗೆ ತಾಗಿದರೆ ಚರ್ಮ ಸುಡುತ್ತದೆ, ಅದು ನಿಜ. ನನ್ನ ಎರಡು ಅಂಗಿ ತೂತಾಗಿವೆ. ಆದ್ದರಿಂದಲೇ ಟ್ಯಾಂಕಿನ ಸುತ್ತ, ಸೋರಿದ್ದೆಲ್ಲ ಒಳಗೇ ನಿಲ್ಲುವಂತೆ ಕಟ್ಟೆ ಕಟ್ಟಿದ್ದೇವೆ. ತಾವು ಅದೇ ಕಟ್ಟೆಯ ಮೇಲೆ ಕುಳಿತು ಷೂ ಲೇಸು ಕಟ್ಟಿಕೊಂಡಿರಿ. ವರದಿಯಲ್ಲಿ ಮಾತ್ರ ಕಟ್ಟೆಯ ಸುದ್ದಿಯೇ ಇಲ್ಲ.

ಆಮೇಲೆ ತಮ್ಮ ಕಚೇರಿಗೆ ಅಲೆದೆ. ಕಿಟಕಿಯಲ್ಲಿದ್ದವರು ಒಮ್ಮೆ "ಪರಿಶೀಲನೆಯಲ್ಲಿದೆ" ಎಂದರು, ಇನ್ನೊಮ್ಮೆ "ಸಾಹೇಬರು ತರಬೇತಿಗೆ ಹೋಗಿದ್ದಾರೆ" ಎಂದರು. ಯಾವ ತರಬೇತಿ ಎಂದು ಕೇಳಿದ್ದಕ್ಕೆ "ಹೊಸ ತಂತ್ರಜ್ಞಾನದ್ದು" ಎಂದರು. ನಗು ಬರಬೇಕಿತ್ತು.

ಇನ್ನು, ಸೀಲು ಬಿದ್ದ ಮೇಲಿನ ಒಂದು ಬುಧವಾರದ ವಿಷಯ. ನನ್ನ ತಂಗಿ ಕಿಡ್ನಿ ಸೋತವರನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ವ್ಯಾನು ಓಡಿಸುತ್ತಿದ್ದಳು. ಗಾಲಿಕುರ್ಚಿ ಏರಿಸುವ ಲಿಫ್ಟು ಇರುವ ವ್ಯಾನುಗಳು ನಮ್ಮಲ್ಲಿ ಎರಡೇ. ಅಂದು ಇನ್ನೊಂದು ಕೆಟ್ಟು ನಿಂತಿತ್ತು, ಅದರ ಸುತ್ತುಗಳೂ ಇವಳ ಪಾಲಿಗೆ ಬಂದವು. ನಾಲ್ಕೂವರೆಗೆ ಸ್ಟೇಷನ್ನಿಗೆ ಬಂದಾಗ ವ್ಯಾನಿನ ಚಾರ್ಜು ಮುಗಿಯುತ್ತ ಬಂದಿತ್ತು. ಆಸ್ಪತ್ರೆ ಇನ್ನೂ ಹದಿನಾಲ್ಕು ಕಿಲೋಮೀಟರು. ಒಳಗೆ ನಾವೆಲ್ಲ ಟೈಲರಕ್ಕ ಎನ್ನುವ ಹೆಂಗಸು ಗಾಲಿಕುರ್ಚಿಯಲ್ಲಿ ಕುಳಿತಿದ್ದರು. ಅವರ ಸರದಿ ಐದೂವರೆಗೆ.

ಸಾಲಿನಲ್ಲಿದ್ದವರೆಲ್ಲ ಜಾಗ ಬಿಟ್ಟರು. ಜಾಗ ಬಿಟ್ಟರೆ ಕರೆಂಟು ಬರುತ್ತದೆಯೇ?

"ಎಷ್ಟು ಹೊತ್ತಾಗುತ್ತೆ ಅಣ್ಣಾ?"

"ಒಂದೂವರೆ ಗಂಟೆಯಾದ್ರೂ ಬೇಕು."

"ಆ ಟ್ಯಾಂಕಲ್ಲಿ ಇದೆಯಲ್ಲ?"

ಇತ್ತು. ತಾವು ಸೀಲು ಹಾಕಿದ ದಿನ ಅದು ತುಂಬಿತ್ತು, ಮತ್ತು ಪಂಪು ನಿಲ್ಲಿಸಿದರೂ ಈ ದ್ರವ ಹಿಡಿದಿಟ್ಟದ್ದನ್ನು ತಿಂಗಳುಗಟ್ಟಲೆ ಬಿಡುವುದಿಲ್ಲ. ಒಂದು ಸಣ್ಣ ತಂತಿಯಷ್ಟೇ ಅಡ್ಡ.

"ಕತ್ತರಿಸಿಬಿಡು ಅಣ್ಣಾ. ಯಾರು ನೋಡ್ತಾರೆ?"

"ಹಾಗೆಲ್ಲ ಮಾಡೋಕಾಗಲ್ಲ ಕಣೆ. ಕೇಸಾಗುತ್ತೆ."

ಟೈಲರಕ್ಕ ಕಿಟಕಿಯಿಂದ ತಲೆ ಹೊರಹಾಕಿದರು. "ಬಿಡಮ್ಮಾ, ಅವನನ್ನ ಯಾಕೆ ಸಿಕ್ಕಿಸ್ತೀಯ? ಗಿರಾಕಿಗಳನ್ನ ನಾನೇನು ಕಮ್ಮಿ ಕಾಯಿಸಿದೀನಾ? ಈಗ ನನ್ನ ಸರದಿ." ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಆ ಜೇಬು ಹರಿದು ನೇತಾಡ್ತಿದೆ ನೋಡು. ನಾಳೆ ಕಳಿಸು, ಹೊಲಿದು ಕೊಡ್ತೀನಿ" ಎಂದರು. ಕಟಿಂಗ್ ಪ್ಲೇಯರ್ ಇದ್ದದ್ದು ಆ ಜೇಬಿನಲ್ಲೇ.

ಅವರು ಆಸ್ಪತ್ರೆ ಮುಟ್ಟಿದಾಗ ಆರೂ ಮುಕ್ಕಾಲು. ಅವರ ಯಂತ್ರದಲ್ಲಿ ಬೇರೊಬ್ಬರು ಮಲಗಿದ್ದರು. ಬೆಳಿಗ್ಗೆ ಏಳಕ್ಕೆ ಬನ್ನಿ ಎಂದು ಕಳಿಸಿದರು. ಮರುದಿನ ತಂಗಿ ಆರೂಕಾಲಿಗೇ ಅವರ ಮನೆ ಬಾಗಿಲು ಬಡಿದಳು. ಗಂಡ ಬಾಗಿಲು ತೆಗೆದು, "ವ್ಯಾನು ಬೇಡಮ್ಮ" ಎಂದಷ್ಟೇ ಹೇಳಿದರಂತೆ.

ಟೈಲರಕ್ಕನ ಹೃದಯ ಮೊದಲೇ ಸೋತಿತ್ತು, ಹಿಂದಿನ ಸಂಜೆ ಡಯಾಲಿಸಿಸ್ ಆಗಿದ್ದರೂ ಉಳಿಯುತ್ತಿದ್ದರೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರು. ಆದ್ದರಿಂದ ತಾವು ಕೊಂದಿರಿ ಎಂದು ನಾನು ಬರೆಯುವುದಿಲ್ಲ. ನಾನು ಕೊಂದೆ ಎಂದೂ ಬರೆಯುವುದಿಲ್ಲ. ಅದಕ್ಕೂ ಕಾಲಂ ಇಲ್ಲ. ತಂಗಿ ವ್ಯಾನಿನ ಬೀಗದ ಕೈ ಒಪ್ಪಿಸಿ, ಈಗ ಔಷಧಿ ಗೋದಾಮಿನಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುತ್ತಾಳೆ. "ಊಟ ಆಯ್ತಾ?" ಎಂದರೆ "ಆಯ್ತು" ಎನ್ನುತ್ತಾಳೆ. ಅಷ್ಟೇ. ನನಗೆ ಹೊಟ್ಟೆ ತುಂಬ ಊಟ ಸೇರುತ್ತದೆ, ಚೆನ್ನಾಗಿ ನಿದ್ದೆಯೂ ಬರುತ್ತದೆ. ಹೇಗೆ ಎಂಬುದೇ ಅರ್ಥವಾಗುತ್ತಿಲ್ಲ.

ನನ್ನ ಬೇಡಿಕೆ ಇಷ್ಟೇ. ಈ ತಿಂಗಳೊಳಗೆ ಸ್ವತಃ ಬನ್ನಿ. ಪಂಪು ಓಡಿಸಿ ನೋಡಿ, ಕೊಳವೆ ಮುಟ್ಟಿ ನೋಡಿ, ದ್ರವದ ಪರೀಕ್ಷೆ ಮಾಡಿಸಿ. ಅಪಾಯವಿದ್ದರೆ ಏನು ಅಪಾಯ ಎಂದು ಬರೆದು ಸಹಿ ಹಾಕಿ ಕೊಡಿ. ಟ್ಯಾಂಕು ಖಾಲಿ ಮಾಡಿಸುವ ಕೆಲಸಕ್ಕೆ ನಾನೇ ನಿಲ್ಲುತ್ತೇನೆ. ಅಪಾಯವಿಲ್ಲವಾದರೆ ತಂತಿ ಕತ್ತರಿಸಿ. 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಮಾತ್ರ ಇನ್ನೊಮ್ಮೆ ಕೊಡಬೇಡಿ.

ತಾವು ಬರದಿದ್ದರೆ ನಾನೇ ಕತ್ತರಿಸುತ್ತೇನೆ ಎಂದೂ ಒಂದು ಸಾಲು ಬರೆದಿದ್ದೆ. ಆಮೇಲೆ ಹೊಡೆದುಹಾಕಿದೆ. ನಾನು ಕತ್ತರಿಸುವವನಲ್ಲ ಎಂದು ನನಗೆ ಗೊತ್ತಾಗಿದೆ, ನನ್ನ ತಂಗಿಗೂ ಗೊತ್ತಾಗಿದೆ. ಹಾಗಾಗಿ ತಾವೇ ಬರಬೇಕು.

ಇಂತಿ,
ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ
ಒಬ್ಬ ಪಂಪ್ ಮೆಕ್ಯಾನಿಕ್