ತಕ್ಕಡಿಯಲ್ಲಿ ಆರಿಸಿದ ಕತ್ತಿ

ಶಾಝಿಯಾಳ ಅಬ್ಬಾ,

ನಾನು ಮೂಡಿಗೆರೆಯ ಧರಣಿಗೆ ಹೊರಟೆ. ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ.

ಮಗಳ ಮಣಿಕಟ್ಟು ಊದಿದೆ. ಅರಿಶಿನದ ಪಟ್ಟು ಹಾಕಿದ್ದೇನೆ, ಸಂಜೆಯವರೆಗೆ ಬಿಚ್ಚಬೇಡಿ. ಅದನ್ನೇ ನೆಪ ಮಾಡಿಕೊಂಡು 'ಜಪಾನಿನವರ ಕತ್ತಿಯಾಟ ನಮ್ಮ ಹುಡುಗಿಗ್ಯಾಕೆ, ಕೆಂಡೊ ಬಿಡಿಸು' ಎಂದು ಮತ್ತೆ ಶುರು ಮಾಡಬೇಡಿ. ತಪ್ಪು ಅವಳ ಕೈಯದಲ್ಲ, ನಿಮ್ಮದು. ಬಡಗಿ ಕಲ್ಲೇಶ್ ಅಭ್ಯಾಸಕ್ಕೆಂದು ಮೂರು ಮರದ ಕತ್ತಿ ಮಾಡಿಟ್ಟರೆ, ನಮ್ಮ ಅಂಗಡಿಯ ತಕ್ಕಡಿಗೆ ಹಾಕಿ ಎಲ್ಲಕ್ಕಿಂತ ಭಾರದ್ದನ್ನು ಆರಿಸಿದಿರಿ! 'ದುಡ್ಡಿಗೆ ತಕ್ಕ ತೂಕ ಬೇಡ್ವೇನೇ?' ಅಂದಿರಿ. ಅದೇನು ಕಾಫಿ ಮೂಟೆಯೇ ಮಾರಾಯ್ರೇ?

ಶುಕ್ರವಾರದೊಳಗೆ ಊತ ಇಳಿಯುತ್ತದೆ. ಅವತ್ತು ನಮಾಜ್ ಮುಗಿಸಿ ಅವಳನ್ನೇ ಗೋಣಿಬೀಡಿಗೆ ಕರೆದುಕೊಂಡು ಹೋಗಿ, ಈ ಭಾರದ ಕತ್ತಿಯನ್ನು ಕಲ್ಲೇಶನಿಗೆ ವಾಪಸ್ ಕೊಡಿ. ಉಳಿದೆರಡನ್ನೂ ಅವಳು ಬೀಸಿ ನೋಡಲಿ. ತಲೆಯ ಮೇಲಿಂದ ಇಳಿಸಿ ಸೊಂಟದ ಮಟ್ಟದಲ್ಲಿ ನಿಲ್ಲಿಸಿದಾಗ ಯಾವುದರ ತುದಿ ನಡುಗುವುದಿಲ್ಲವೋ ಅದೇ ಅವಳದು. ಅವಳು ಆರಿಸುವಾಗ ನೀವು ಬಾಯಿ ತೆರೆಯಕೂಡದು.

ನಿಮ್ಮ ಸಂಕಟ ಅವಳ ಕೈನೋವಿನದಲ್ಲ ಎಂದು ನನಗೆ ಗೊತ್ತು. ಎದುರಂಗಡಿಯ ಬಸವರಾಜು 'ಏನ್ ಸಾಬ್ರೇ, ಮಗಳ ಕೈಗೆ ಕತ್ತಿ ಕೊಟ್ರಂತೆ?' ಎಂದು ನಕ್ಕರೂ ತಲೆ ತಗ್ಗಿಸುತ್ತೀರಿ, ನಮ್ಮವರು ಕೇಳಿದರೂ ತಗ್ಗಿಸುತ್ತೀರಿ. ನೀವು ಹೆದರಿಕೊಳ್ಳಿ, ಬೇಡ ಅನ್ನುವುದಿಲ್ಲ. ಅವಳಿಗೆ ಮಾತ್ರ ಅದನ್ನು ಕಲಿಸಬೇಡಿ.

ಬರುವಾಗ ಕತ್ತಿಯನ್ನು ಗೋಣಿಚೀಲದಲ್ಲಿ ಸುತ್ತಬೇಡಿ. ಅದು ಅವಳ ಹೆಗಲ ಮೇಲಿರಲಿ. ನೀವು ಅವಳ ಪಕ್ಕದಲ್ಲಿ, ಪೇಟೆ ಬೀದಿಯಲ್ಲೇ ನಡೆದು ಬನ್ನಿ.

ರೌಶನ್