ಒಗ್ಗರಣೆ ಹಾಕದ ಮನೆಗಳು

೧೧ ಫೆಬ್ರುವರಿ ೧೯೬೪, ಮಂಗಳವಾರ

ಫಾರ್ಮು ಮತ್ತೆ ಎಣಿಸಿದೆ. ಮೂವತ್ತೊಂದು. ಸ್ನಾನಕ್ಕೆ ಹೋಗುವ ಮುಂಚೆಯೂ ಮೂವತ್ತೊಂದೇ ಇದ್ದವು. ರೈಲು ಹಳಿಯಾಚೆಯ ಓಣಿಯಲ್ಲಿ ಇವತ್ತು ಕೊನೆಯ ಆರು ಮನೆ ಮುಗಿದವು. "ಮನೆಯಲ್ಲಿ ಜಡ್ಡಾದವರು" ಎಂಬ ಕಾಲಂನಲ್ಲಿ ಮೂವತ್ತೊಂದು ಕಡೆಯೂ "ಇಲ್ಲ". ಅಚ್ಚುಕಟ್ಟಾಗಿದೆ. ಒಂದು ಕಾಟೂ ಹೊಡೆದಿಲ್ಲ.

ಮಾನವಶಾಸ್ತ್ರದ "ಆರೋಗ್ಯ ಮತ್ತು ಸಮಾಜ" ಪೇಪರಿನಲ್ಲಿ ಅರ್ಧ ಅಂಕ ಈ ವರದಿಗೇ. ಮಾರ್ಚ್ ಒಂಬತ್ತಕ್ಕೆ ಕೊಡಬೇಕು. ತಪ್ಪಿದರೆ ಬಿ.ಎ. ಇನ್ನೊಂದು ವರ್ಷ... ಈಗಲೇ ವಯಸ್ಸು ಇಪ್ಪತ್ತನಾಲ್ಕು. ಹತ್ತಕ್ಕೆ ಒಮ್ಮೆ ಸಾಲೆ ಬಿಟ್ಟೆ. ಹದಿನಾಲ್ಕಕ್ಕೆ ಹುಬ್ಬಳ್ಳಿಯ ಜಿನ್ನಿಂಗ್ ಗಿರಣಿಗೆ ಹತ್ತಿ ಆರಿಸಲು ಹೋಗಿ ಇನ್ನೊಮ್ಮೆ. ಮೂರನೇ ಸಲ ಬಿಡುವುದಿಲ್ಲ.

೧೩, ಗುರುವಾರ

ಶಾಂತಯ್ಯ ಸರ್ ಫಾರ್ಮು ತಿರುವಿ ಹಾಕಿದರು. ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಒಳ್ಳೆಯದಲ್ಲ.

"ಏನವಾ ಶೇವಂತೆವ್ವಾ, ಮೂವತ್ತೊಂದು ಮನ್ಯಾಗ ಒಬ್ಬರಿಗೂ ನೆಗಡೀನೂ ಇಲ್ಲ. ಇದು ಧಾರವಾಡದ ಓಣಿನೋ, ಕೈಲಾಸೋ?"

ಕ್ಲಾಸು ನಕ್ಕಿತು. ಸುಲಭಾ ಮಾತ್ರ ನಗಲಿಲ್ಲ. ಅಥವಾ ನಾನು ತಿರುಗಿ ನೋಡುವಷ್ಟರಲ್ಲಿ ನಕ್ಕು ಮುಗಿಸಿದ್ದಳು. ಮಾಳಮಡ್ಡಿಯವಳು, ಒಂದು ದಿನ ಓಣಿಗೆ ಜೊತೆಗೆ ಬಂದಿದ್ದಳು. ಹೊರಗೆ ಬಂದ ಮೇಲೆ ಹೇಳಿದಳು — ಬಾಗಿಲಲ್ಲಿ ನಿಂತು ಕೇಳಿದರೆ ಬಾಗಿಲಿನಿಂದಲೇ ಸಾಗಹಾಕುತ್ತಾರೆ ಅಂತ. ಖರೆ. ಎಲ್ಲ ಮನೆಗೂ ಮೂರು ಗಂಟೆಗೆ ಹೋಗಿದ್ದೆ, ಒಲೆ ಆರಿದ ಹೊತ್ತಿನಲ್ಲಿ. ನಾಳೆ ಹನ್ನೆರಡಕ್ಕೆ ಹೋಗುತ್ತೇನೆ. ಫಾರ್ಮು ಒಯ್ಯುವುದಿಲ್ಲ. ಪೆನ್ನು? ಒಂದು ಇರಲಿ. ಮಸಿ ಮುಗಿದರೆ? ಎರಡು.

೧೪, ಶುಕ್ರವಾರ, ಸಂಜೆ ೪

ಸಿಕ್ಕಿತು. ಈ ಸಲ ತಪ್ಪಿಲ್ಲ, ನನಗೆ ಗೊತ್ತು.

ಹನ್ನೆರಡಕ್ಕೆ ಓಣಿ ತುಂಬ ಬೆಳ್ಳುಳ್ಳಿ ಘಾಟು, ಮನೆ ಮನೆಯಲ್ಲಿ ಸಾಸಿವೆ ಚಟಪಟ. ನಡೆಯುತ್ತ ಹೋದೆ. ಒಂದು ಮನೆಯ ಮುಂದೆ ಸದ್ದಿಲ್ಲ. ಒಲೆಯ ಹೊಗೆ ಇದೆ, ಘಾಟಿಲ್ಲ. ಮುಂದೆ ಇನ್ನೆರಡು ಮನೆ ಹಾಗೆಯೇ.

ಸಿಡುಬು ಎದ್ದರೆ ನಮ್ಮಲ್ಲಿ ಯಾರೂ ಜಡ್ಡು ಅನ್ನುವುದಿಲ್ಲ. ಅವ್ವ ಬಂದಿದ್ದಾಳೆ ಅನ್ನುತ್ತಾರೆ. ಅವಳು ಹೋಗುವ ತನಕ ಒಗ್ಗರಣೆ ಇಲ್ಲ — ಎಣ್ಣೆ ಸಿಡಿದರೆ ಅವಳಿಗೆ ಉರಿ. ಅಂದರೆ "ಇಲ್ಲ" ಅಂದವರಾರೂ ನನಗೆ ಸುಳ್ಳು ಹೇಳಿರಲಿಲ್ಲ. ಇದು ನನಗೆ ತಿಳಿಯದ್ದೇ? ಹತ್ತನೇ ವಯಸ್ಸಿನಲ್ಲಿ ಬೇವಿನ ಸೊಪ್ಪಿನ ಮೇಲೆ ಮಲಗಿ, ಪಕ್ಕದ ಮನೆಯ ಒಗ್ಗರಣೆ ವಾಸನೆಗೆ ಅತ್ತವಳು ನಾನು. ಮುಖದ ತುಂಬ ಅದರ ಕಲೆ. ಆ ಮುಖ ಹೊತ್ತುಕೊಂಡು ಪುಸ್ತಕದ ಪ್ರಶ್ನೆ ಕೇಳುತ್ತ ತಿರುಗಿದೆ.

ಮೊದಲ ಮನೆ ದುರಗವ್ವಜ್ಜಿಯದು. ಬಾಗಿಲಲ್ಲೇ ತಡೆದಳು. ಬಹಳ ಹೊತ್ತು ನನ್ನ ಮುಖ ನೋಡಿದಳು.

"ನಿಮ್ಮನಿಗೂ ಬಂದು ಹೋಗ್ಯಾಳ. ಕಾಲು ತೊಳಕೊಂಡು ಒಳಗ ಬಾ."

ಮೊಮ್ಮಗ ಹುಚ್ಚಪ್ಪ, ಎಂಟು ವರ್ಷ. ಮೈತುಂಬ ಎದ್ದಿವೆ. ಅವನ ತಂಗಿ ಮಾಳವ್ವ, ಮೂರು ವರ್ಷ, ನಿನ್ನೆಯಷ್ಟೇ ತಾಯಿಯ ತವರಿನಿಂದ ಬಂದವಳು. ಪಕ್ಕದಲ್ಲಿ ಕೂತು ಬೇವಿನ ಎಸಳಿನಿಂದ ಅಣ್ಣನಿಗೆ ಗಾಳಿ ಹಾಕುತ್ತಿದ್ದಳು. ಅವಳ ತೋಳು ನೋಡಿದೆ. ದೇವಿ ಹಾಕಿಸಿದ ಗುರುತಿಲ್ಲ, ಲಸಿಕೆಯೇ ಆಗಿಲ್ಲ.

೧೫, ಶನಿವಾರ

ಹೇಳಿದರೆ ಒಳಗೆ ಕರೆದವಳಿಗೆ ದ್ರೋಹ. ಹೇಳದಿದ್ದರೆ ಆ ಕೂಸು... ವರದಿಯ ಮಾತು ಆಮೇಲೆ.

ಸರ್‌ಗೆ ಹೇಳಿದೆ. ಅವರು ನನ್ನನ್ನು ದೇವಿ ಹಾಕುವ ಅಹಮದಸಾಬರ ಬಳಿ ಕರೆದೊಯ್ದರು. ಸಾಬರಿಗೆ ಆ ಓಣಿ ಗೊತ್ತು. "ಹ್ವಾದ ವರ್ಷ ಮೂವತ್ತು ಮನಿ ತಿರುಗಿದ್ನಿರಿ, ಒಂದು ಕೂಸೂ ಇಲ್ಲ. ಎಲ್ಲಾ ಕೂಸುಗೋಳೂ ಅವತ್ತ ಅಜ್ಜಿ ಊರಿಗೆ ಹೋಗ್ಯಾವಂತ." ಆಮೇಲೆ ಜೋಳದ ಕಣಜವೊಂದು ಸೀನಿತಂತೆ. ಈ ಸಲ ಪೊಲೀಸರ ಜೊತೆಗೇ ಹೋಗುತ್ತೇನೆ ಅಂದರು. ಬೇಡ ಅಂದೆ. ನಾನೇ ಅಂದದ್ದು, ದನಿಯೂ ನಡುಗಲಿಲ್ಲ. ನಾಳೆ ಹನ್ನೆರಡಕ್ಕೆ ಹಳಿಯ ಹತ್ತಿರ ನಿಂತಿರಿ, ಕರೆದ ಮೇಲೆ ಬನ್ನಿ ಅಂದೆ.

ಕರೆಯುವುದು ಹೇಗೆ ಅಂತ ಇನ್ನೂ ಗೊತ್ತಿಲ್ಲ.

೧೬, ರವಿವಾರ, ಸಂಜೆ

ಸಾಬರು ಹಳಿಯ ಹತ್ತಿರ ನಿಂತಿದ್ದಾರೆ ಅಂದದ್ದಕ್ಕೆ ಅಜ್ಜಿ ಮೊದಲು ಬೈದಳು. ಕಾಲು ತೊಳೆಸಿ ಒಳಗೆ ಕರೆದರೆ ಸೂಜಿಯವನನ್ನು ಕರೆತಂದೆಯಲ್ಲ ಅಂದಳು. ಅವ್ವ ಇರುವ ಮನೆಗೆ ಸೂಜಿ, ಕತ್ತರಿ ಬರುವಂತಿಲ್ಲ. ನಾನು ವಾದ ಮಾಡಲಿಲ್ಲ. ಮೆಟ್ಟಿಲ ಮೇಲೆ ಕೂತೆ. ಎದುರು ಮನೆಯಲ್ಲಿ ಸಾಸಿವೆ ಸಿಡಿಯಿತು.

"ಯಮ್ಮಾ, ಆ ಮನಿಗೆ ಅವ್ವ ಬಂದಿಲ್ಲಲ್ಲ?"

"ಒಗ್ಗರಣಿ ಕೇಳಸವಲ್ದೇನು ನಿನಗ?"

"ಅಲ್ಲಿ ಸೂಜಿ ಹ್ವಾದ್ರ ಆಕಿಗೇನೂ ಸಿಟ್ಟಿಲ್ಲಲ್ಲ?"

ಅಜ್ಜಿ ಎದ್ದು ಒಳಗೆ ಹೋದಳು. ಹುಚ್ಚಪ್ಪನ ತಲೆದೆಸೆಯಲ್ಲಿ ನಿಂತು ಅವ್ವನಿಗೆ ಏನೋ ಹೇಳಿಕೊಳ್ಳುವುದು ಕೇಳಿಸಿತು. ಹೊರಗೆ ಬಂದಾಗ ಕಂಕುಳಲ್ಲಿ ಮಾಳವ್ವ. ಓಣಿ ದಾಟಿದಳು, ಆರೇ ಹೆಜ್ಜೆ. ಎದುರು ಮನೆಯ ಪಡಸಾಲೆಯಲ್ಲಿ ಕೂತು ಕೂಸಿನ ತೋಳು ಮೇಲೇರಿಸಿದಳು.

"ಕರಿ ನಿಮ್ಮ ಸಾಬರನ್ನ. ಲಗೂ. ಘಾಟು ಆರೂದ್ರಾಗ."

ಮಾಳವ್ವ ಸಾಬರ ಗಡ್ಡ ಹಿಡಿದು ಜಗ್ಗಿದಳು. ಅಜ್ಜಿಯನ್ನು ನೋಡಿ ಉಳಿದೆರಡು ಮನೆಯವರೂ ಕೂಸುಗಳನ್ನು ಅದೇ ಪಡಸಾಲೆಗೆ ತಂದರು. ಆಮೇಲೆ ಓಣಿಯೆಲ್ಲ. ಸಂಜೆಯೊಳಗೆ ಕಣಜಗಳೆಲ್ಲ ಖಾಲಿ.

ಈಗ ಬೇರೆ ಚಿಂತೆ. ಮಾಳವ್ವನಿಗೂ ಎದ್ದರೆ ಅವ್ವ ಸಿಟ್ಟಾದಳು ಅನ್ನುತ್ತಾರೆ. ಸಾಬರನ್ನು ಇನ್ನು ಓಣಿಯೊಳಗೆ ಬಿಡುವುದಿಲ್ಲ. ನನ್ನನ್ನೂ.

೨೪, ಸೋಮವಾರ

ಮಾಳವ್ವನ ತೋಳಿನಲ್ಲಿ ಗುಳ್ಳೆ ಕೂತಿದೆ. ಹಿಡಿದಿದೆ, ಇದು ಛಲೋ ಗುರುತು ಅಂದರು ಸಾಬರು. ದಿನಕ್ಕೆರಡು ಸಲ ಹೋಗಿ ಅವಳ ಹಣೆ ಮುಟ್ಟುತ್ತೇನೆ. ಅಜ್ಜಿ ಇವತ್ತು ನನ್ನ ಹಣೆ ಮುಟ್ಟಿದಳು — "ಕೂಸಿನಕಿಂತ ನಿಂದಽ ಬಿಸಿ ಐತಿ."

೬ ಮಾರ್ಚ್, ಶುಕ್ರವಾರ, ಮಧ್ಯಾಹ್ನ ೧೨

ಅಜ್ಜಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಓಣಿಯ ಗಡಿಯಾಚೆ ಮೊಸರನ್ನದ ಎಡೆ ಇಟ್ಟು ಅವ್ವನನ್ನು ಕಳಿಸಿಕೊಟ್ಟರು. ಮಾಳವ್ವ ಅಂಗಳದಲ್ಲಿ ಕೋಳಿ ಅಟ್ಟುತ್ತಿದ್ದಾಳೆ. ಮೈಮೇಲೆ ಒಂದು ಗುಳ್ಳೆ ಇಲ್ಲ, ತೋಳಿನದೊಂದು ಬಿಟ್ಟು. ಬಾಜೂ ಮನೆಗಳ ಕೂಸುಗಳಿಗೂ ಎದ್ದಿಲ್ಲ.

ಹುಚ್ಚಪ್ಪ ಎದ್ದು ಕೂತಿದ್ದಾನೆ. ಮುಖ ನನ್ನ ಹಾಗೆಯೇ ಆಗುತ್ತದೆ. ಸಾಲಿಯಲ್ಲಿ ಮತ್ತೆ ಕೂಡಿಸಿಕೊಳ್ಳುತ್ತಾರೇನು ಅಂತ ಕೇಳಿದ. ಕೂಡಿಸಿಕೊಳ್ಳುತ್ತಾರೆ, ಸೋಮವಾರ ನಾನೇ ಕರೆದೊಯ್ಯುತ್ತೇನೆ ಅಂದೆ. ಸಾಲೆಯವರು ಬೇಡ ಅಂದರೆ ಅಲ್ಲೇ ಕೂಡುತ್ತೇನೆ.

ವರದಿಗೆ ಹೊಸ ಕಾಲಂ ಹಾಕಿದ್ದೇನೆ: "ಇಂದು ಒಗ್ಗರಣೆ?" ಯಾವ ಪುಸ್ತಕದ್ದು ಅಂತ ಸರ್ ಕೇಳಿದರು. ಪುಸ್ತಕದ್ದಲ್ಲರಿ, ನಮ್ಮವ್ವನ ಒಲೆಯದು ಅಂದೆ. ಅವರು ಕನ್ನಡಕ ಹಾಕಿಕೊಂಡು ಮೊದಲಿನಿಂದ ಓದತೊಡಗಿದರು.

ಇವತ್ತು ಫಾರ್ಮು ಎಣಿಸಿಲ್ಲ. ಈ ಮನೆಯದೊಂದೇ ಬಾಕಿ. ಒಳಗೆ ಅಜ್ಜಿ ಎಣ್ಣೆ ಕಾಯಲು ಇಟ್ಟಿದ್ದಾಳೆ. ಹುಚ್ಚಪ್ಪ ಒಲೆಯ ಕಡೆ ತಿರುಗಿದ. ಡಬ್ಬಿಯ ಮುಚ್ಚಳ ತೆಗೆದ ಸದ್ದು. ಸಾಸಿವೆ —