ಕುಬಸದ ಹಸಿರು ಬಳೆ

ಬ್ರಹ್ಮಪುರ, ಕಲಬುರ್ಗಿ
18-2-1994

ಪ್ರೀತಿಯ ಕುಲ್ಸುಮ್,

ನೀನೂ ಅಮ್ಮಿಯೂ ಆರಾಮ ಇದ್ದೀರೆಂದು ತಿಳಿಯುತ್ತೇನೆ. ನಿನ್ನ ಎರಡೂ ಪತ್ರ ಬಂದಿವೆ, ದಿಂಬಿನ ಕೆಳಗಿವೆ. ಮೂರು ವರ್ಷ ಕೂಡಿ ಸಾಹಿತ್ಯ ಓದಿದೆವು. ನಾಲ್ಕು ಸಾಲು ಉತ್ತರ ಬರೆಯಲು ನನಗೆ ಎರಡು ತಿಂಗಳು ಬೇಕಾಯಿತು. ಸಿಟ್ಟಾಗಬೇಡ.

ಇವರು ಆಫೀಸಿಗೆ ಹೋದರೆ ಮನೆಯಲ್ಲಿ ನಾನೊಬ್ಬಳೇ. ಓಣಿಯ ಹೆಂಗಸರು ಬಾಗಿಲ ತನಕ ಬಂದು, ಏನು ಮಾತಾಡಬೇಕೆಂದು ತಿಳಿಯದೆ, ನಳಕ್ಕೆ ನೀರು ಬಂತೇನ ಎಂದು ಕೇಳಿ ಹೋಗುತ್ತಾರೆ. ಕೂಸು ಹೋದ ಮರುದಿನ ನನಗೆ ಹಾಲು ಬಂತು. ಯಾರಿಗೂ ಹೇಳಲಿಲ್ಲ.

ಕಮಲಾಪುರದಲ್ಲಿ ನನ್ನ ಬಸುರಿನ ಏಳನೇ ತಿಂಗಳಲ್ಲಿ ಅವ್ವ ಮಾಡಿದ ಕುಬಸ ನೆನಪಿದೆಯಲ್ಲ? ಬಳೆಗಾರ ಬುರ್ಹಾನುದ್ದೀನ್ ಚಾಚಾ ನನ್ನ ಕೈ ಹಿಡಿದು, "ಹೋದ ತಿಂಗಳ ಅಳತಿ ಹತ್ತವಲ್ದು ಬೇಟಿ, ಕೈ ಬಾತಾವ" ಎಂದರು. ದುಂಡಮ್ಮತ್ತೆ ಬಿಡಬೇಕಲ್ಲ! "ಬಾತಿಲ್ಲೋ ಚಾಚಾ, ಮೈ ತುಂಬ್ಯಾಳ. ಗಂಡನ ಪಗಾರೆಲ್ಲಾ ಇಕಿ ಹೊಟ್ಟಿಗೇ ಹೋಗ್ಯಾದ. ಸಾಬೂನು ಹಚ್ಚಿ ಏರಿಸು!" ಎಲ್ಲರೂ ನಕ್ಕರು. ನೀನೊಬ್ಬಳು ನಗಲಿಲ್ಲ. ನೀನು ನನ್ನ ಪಾದದ ಮೇಲೆ ಹೆಬ್ಬೆರಳು ಒತ್ತಿ ನೋಡಿದೆ. ಕುಳಿ ಹಾಗೇ ಉಳಿಯಿತು. "ತಲಿ ನೋಯ್ತದೇನ, ನೀಲಾ?" ಎಂದು ಮೆಲ್ಲಗೆ ಕೇಳಿದೆ. ನಾನು ಇಲ್ಲವೆಂದು ತಲೆಯಾಡಿಸಿ, ಪಾದ ಸೀರೆಯೊಳಗೆ ಎಳೆದುಕೊಂಡೆ.

ಮೂರನೇ ದಿನ ಬೆಳಿಗ್ಗೆ ಕಣ್ಣು ಮಂಜಾಗಿ ಫಿಟ್ಸ್ ಬಂತಂತೆ. ಅಪ್ಪ ಜೀಪಿನಲ್ಲಿ ಇಲ್ಲಿನ ದವಾಖಾನೆಗೆ ತಂದರು. ಎಚ್ಚರವಾದಾಗ ಅವ್ವ ನರ್ಸಿನ ಕೈ ಹಿಡಿದಿದ್ದಳು: "ಕುಬಸದ ಬಳಿರೀ ಬಾಯಾರ, ಹಡಿಯೋತನ ಒಡೀಬಾರ್ದ್ರಿ." "ಬಳಿ ಆಮ್ಯಾಲ ಹೊಸಾವು ಇಡಸ್ರೆವ್ವ, ನನಗ ಸೂಜಿಗೆ ಜಾಗ ಬೇಕು" ಎಂದು ಆಕೆ ಒಂದೊಂದಾಗಿ ಒಡೆದಳು.

ಬಸುರಿಯಲ್ಲಿ ರಕ್ತದೊತ್ತಡ ಏರಿದರೆ ಕೂಸಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ತಾಯಿಗೂ ಅಪಾಯ, ಹೆರಿಗೆ ಮಾಡಿಸದೆ ದಾರಿಯಿರಲಿಲ್ಲ ಎಂದರು ಡಾಕ್ಟರು. ಮುಖ ಕೈ ಬಾವು, ತಲೆನೋವು, ಕಣ್ಣ ಮುಂದೆ ಕಿಡಿ, ಇವು ಗುರುತಂತೆ. ಒಬ್ಬೊಬ್ಬರಿಗೆ ಯಾವ ಗುರುತೂ ಇರುವುದಿಲ್ಲವಂತೆ. ತೋಳಿಗೆ ಪಟ್ಟಿ ಕಟ್ಟಿ ನೋಡಿದರೇ ತಿಳಿಯುವುದು. ಹೆಣ್ಣುಕೂಸು. ಎರಡು ದಿನ ಇತ್ತು. ಬಳೆ ಒಡೆದದ್ದಕ್ಕೇ ಹೀಗಾಯಿತೆಂದು ಅವ್ವ ಈಗಲೂ ಅಳುತ್ತಾಳೆ.

ಅಮ್ಮಿಗೆ ನನ್ನ ಸಲಾಮು. ನೀನು ಎಲ್ಲಿದ್ದರೂ ತಣ್ಣಗಿರು. ಬಿಡುವಾದರೆ ಬಾ, ಮಾತಾಡದೆ ಕೂತರೂ ಸಾಕು.

ನಿನ್ನ,
ನೀಲಗಂಗಾ

ತಾ.ಕ.: ಆ ದಿನ ನಿನಗೆ ಸುಳ್ಳು ಹೇಳಿದೆ, ಕುಲ್ಸುಮ್. ಎರಡು ದಿನದಿಂದ ತಲೆ ಸಿಡಿಯುತ್ತಿತ್ತು, ಕಣ್ಣ ಮುಂದೆ ಕಿಡಿ ಹಾರುತ್ತಿದ್ದವು. ಅಷ್ಟು ಮಂದಿ ಹಾಡುತ್ತಿದ್ದರು. ನನ್ನ ಸಲುವಾಗಿ ನಿಲ್ಲಿಸುತ್ತಾರಲ್ಲ ಎಂದು ನಾಚಿಕೆಯಾಯಿತು. ಅವ್ವನಿಗೆ ಇದನ್ನು ಹೇಳಲು ಇನ್ನೂ ಬಾಯಿ ಬಂದಿಲ್ಲ. ನಿಮ್ಮ ಪಕ್ಕದ ನನ್ನ ತವರುಮನೆಯಲ್ಲೇ ಅಣ್ಣನ ಹೆಂಡತಿ ಚಂದಮ್ಮ ವೈನಿಗೆ ಈಗ ಐದು ತಿಂಗಳು. ಅವರೂ ನನ್ನ ಹಾಗೇ ಮಾತು ಕಡಿಮೆ. ಹೇಗಿದ್ದೀರೆಂದು ಅವರನ್ನು ಕೇಳಬೇಡ. ಕೈ ಹಿಡಿದು ದವಾಖಾನೆಗೆ ಕರೆದುಕೊಂಡು ಹೋಗು.